ನಮ್ಮ ನೆಲದ ಗಿಡ-ಹಕ್ಕಿಗಳೂ ನಮ್ಮ ನುಡಿಯ ಗ್ರಂಥಗಳೂ

(ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಸಸ್ಯ, ಪಕ್ಷಿ, ಕೀಟ ಮೊದಲಾದ ಸೃಷ್ಟಿಯ ಸಂಗತಿಗಳನ್ನು ಕುರಿತ ಗ್ರಂಥಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಈ ವಾಚನಾಲಯದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಮೊದಲು ಹಿಂಜರಿದೆವು. ನಾವು ವಕೀಲರು. ದಿನವೆಲ್ಲ ಕಾಗದಪತ್ರಗಳ ಧೂಳನ್ನು ಕುಡಿಯುವವರು. ಗಿಡಮರಗಳ ವಿಷಯದಲ್ಲಿ ಮಾತಾಡಲು ನಮಗಿರುವ ಅಧಿಕಾರವೆಂದರೆ ನ್ಯಾಯಾಲಯದಲ್ಲಿ ನಾವು ತಿಂದ ಒಂದು ಸೋಲು ಮಾತ್ರ. ಆ ಸೋಲಿನ ಕಥೆಯಿಂದಲೇ ಪ್ರಾರಂಭಿಸುವೆವು; ನಮ್ಮ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ನಮಗೆ ದೊರೆಯಲಿಲ್ಲ.

ಘಟ್ಟದ ಕೆಳಗಿನ ಒಂದು ಹಳ್ಳಿಯ ತೋಟದ ವ್ಯಾಜ್ಯ ಅದು. ನಮ್ಮ ಕಕ್ಷಿಗಾರಳು ಗಂಡನನ್ನು ಕಳೆದುಕೊಂಡ ಬಡ ಹೆಂಗಸು. ಹಳೆಯ ಖರೇದಿ ಪತ್ರದಲ್ಲಿ ಚತುಃಸೀಮೆಯನ್ನು ಹೇಳುವಾಗ ಮೂಡಲ ಎಲ್ಲೆಗೆ ‘ಹೊನ್ನೆಯ ಮರ’ ಎಂದು ಬರೆದಿತ್ತು. ಸ್ಥಳದಲ್ಲಿ ನೋಡಿದರೆ ಹೊನ್ನೆಗಳು ಎರಡು. ಒಂದು ಹಳ್ಳದ ದಂಡೆಯ ಮೇಲೆ, ಇನ್ನೊಂದು ಅದರ ಆಚೆಯ ದಿಬ್ಬದ ಮೇಲೆ. ಎರಡರ ನಡುವೆ ಇಪ್ಪತ್ತು ಗುಂಟೆ ನೆಲ. ಆ ನೆಲದಲ್ಲಿ ಬೇಸಗೆಯಲ್ಲಿಯೂ ಬತ್ತದ ಒಂದು ಒರತೆ. ಆ ಒರತೆಗಾಗಿಯೇ ಜಗಳವೆಂದು ಬೇರೆ ಹೇಳಬೇಕಾಗಿಲ್ಲ. ದಿಬ್ಬದ ಮೇಲಿನದೇ ನಿಜವಾದ ಹೊನ್ನೆ, ಬಾಗಿಲು ತೊಲೆಗಳಿಗೆ ಬರುವ ಪ್ರಸಿದ್ಧ ನಾಟು, ಎಂದು ನಾವು ಎರಡು ವರ್ಷಗಳವರೆಗೆ ವಾದಿಸಿದೆವು. ಮೇಜಿನ ಮೇಲಿನ ನಿಘಂಟನ್ನು ತೆರೆದು ನೋಡಿದರೆ ‘ಹೊನ್ನೆ: ಒಂದು ಬಗೆಯ ಮರ’ ಎಂದಿತ್ತು. ಅದು ಮರವೆಂಬುದು ನಮಗೂ ತಿಳಿದಿತ್ತು, ಎದುರುಪಕ್ಷದವರಿಗೂ ತಿಳಿದಿತ್ತು, ನ್ಯಾಯಾಧೀಶರಿಗೂ ತಿಳಿದಿತ್ತು.

ಕೊನೆಗೆ ಎದುರುಪಕ್ಷದವರು ದನ ಕಾಯುವ ಒಬ್ಬ ಮುದುಕಿಯನ್ನು ಸಾಕ್ಷಿಗೆ ಕರೆತಂದರು. ಅಕ್ಷರ ಬಾರದ ಆ ತಾಯಿ ಹೇಳಿದ್ದು ಎರಡೇ ಮಾತು: ದಿಬ್ಬದ ಹೊನ್ನೆಗೆ ಕೊಡಲಿ ಹಾಕಿದರೆ ನೆತ್ತರು ಬರುತ್ತದೆ, ಅದರ ಕಾಯಿ ಹಪ್ಪಳದ ಹಾಗೆ ಚಪ್ಪಟೆ, ಹಳ್ಳದ ಹೊನ್ನೆಯ ಕಾಯಿ ಗುಂಡು, ಅದರ ಬೀಜದ ಎಣ್ಣೆಯಿಂದ ದೀಪ ಉರಿಸುತ್ತಿದ್ದೆವು. ಆಗ ನ್ಯಾಯಾಧೀಶರು ಅದೇ ಪತ್ರದ ಕೆಳಗಿನ ಕಲಮನ್ನು ಓದಿಸಿದರು. ಎಲ್ಲೆಯ ಹೊನ್ನೆಯ ಕಾಯಿಯ ಉತ್ಪನ್ನವು ಊರ ದೇವರ ನಂದಾದೀಪಕ್ಕೆ ಸಲ್ಲತಕ್ಕದ್ದೆಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಕಲಮನ್ನು ನಾವು ಹತ್ತು ಸಲ ಓದಿದ್ದೆವು. ಆದರೆ ಯಾವ ಹೊನ್ನೆ ಎಣ್ಣೆ ಕೊಡುತ್ತದೆಂಬುದು ತಿಳಿಯದವನಿಗೆ ಆ ಕಲಮು ಏನು ಹೇಳೀತು? ಮೊದಲೇ ತಿಳಿದಿದ್ದರೆ ವಾದವನ್ನು ಬಿಟ್ಟು ರಾಜಿಗೆ ಕುಳಿತು ಒರತೆಯ ನೀರಿನ ಹಕ್ಕನ್ನಾದರೂ ಆಕೆಗೆ ಉಳಿಸಿಕೊಡಬಹುದಾಗಿತ್ತು. ಇಂದು ಆಕೆ ನೀರಿಗಾಗಿ ಎದುರುಪಕ್ಷದವರ ಮರ್ಜಿ ಹಿಡಿಯಬೇಕಾಗಿದೆ. ತಪ್ಪು ಆಕೆಯದಲ್ಲ, ಕಾಯದೆಯದೂ ಅಲ್ಲ, ನಮ್ಮದು.

ಅನಂತರ ಒಂದು ಹಳೆಯ ಆಂಗ್ಲ ಗ್ರಂಥದಲ್ಲಿ ಹುಡುಕಿದೆವು. ಟೆರೋಕಾರ್ಪಸ್ ಮಾರ್ಸೂಪಿಯಂ ಎಂಬ ಹೆಸರಿನ ಕೆಳಗೊಮ್ಮೆ, ಕ್ಯಾಲೋಫಿಲ್ಲಂ ಇನೋಫಿಲ್ಲಂ ಎಂಬ ಹೆಸರಿನ ಕೆಳಗೊಮ್ಮೆ, ರೋಮನ್ ಅಕ್ಷರಗಳ ವೇಷ ತೊಟ್ಟು ನಮ್ಮ ‘ಹೊನ್ನೆ’ ಕುಳಿತಿತ್ತು. ಒಂದಕ್ಕೆ ಕೆಂಪು ಅಂಟು, ಹಳದಿಯ ಹೂವು, ರೆಕ್ಕೆಯಿರುವ ಚಪ್ಪಟೆಯ ಕಾಯಿ. ಇನ್ನೊಂದಕ್ಕೆ ದಪ್ಪನಾದ ಹೊಳೆಯುವ ಎಲೆ, ಸುವಾಸನೆಯ ಬಿಳಿಯ ಹೂವು, ಎಣ್ಣೆಯ ಬೀಜ. ಮುದುಕಿಗೆ ತಿಳಿದಿದ್ದುದೂ ಗ್ರಂಥದಲ್ಲಿದ್ದುದೂ ಒಂದೇ. ನಡುವೆ ನಿಂತ ಕಲಿತ ಕನ್ನಡಿಗನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಮಹನೀಯರೇ, ಇಂದು ನಾವು ಹೇಳಬೇಕಾಗಿರುವ ಮಾತು ಇದಿಷ್ಟೇ. ನಮ್ಮ ನೆಲದ ಸೃಷ್ಟಿಯ ತಿಳಿವಳಿಕೆಯು ಒಂದು ಕಡೆ ಅಕ್ಷರವಿಲ್ಲದವರ ಬಾಯಲ್ಲಿದೆ, ಇನ್ನೊಂದು ಕಡೆ ಪರಭಾಷೆಯ ಗ್ರಂಥಗಳಲ್ಲಿದೆ. ಇವೆರಡನ್ನೂ ಕೂಡಿಸತಕ್ಕದ್ದು ಕನ್ನಡದ ಪುಸ್ತಕ.

ಇಂಥ ಪುಸ್ತಕವು ಕನ್ನಡಕ್ಕೆ ಹೊಸದೆಂದು ಯಾರೂ ತಿಳಿಯಬಾರದು. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. (ಬೆಳುಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ, ಪರೀಕ್ಷೆಯಲ್ಲಿ ಹುಡುಗರು ಇಬ್ಬರನ್ನೂ ಒಂದು ಮಾಡುವದುಂಟು.) ನೆಲದಡಿಯ ನೀರನ್ನು ಗುರುತಿಸುವ ಬಗೆ, ಮರಗಳ ನಾಟಿ ಮತ್ತು ಅವುಗಳ ರೋಗಕ್ಕೆ ಮದ್ದು, ಅಡಿಗೆ, ಸುಗಂಧ, ದನಗಳ ಚಿಕಿತ್ಸೆ, ಇವೆಲ್ಲ ಅದರಲ್ಲಿವೆ. ಅದರ ಬಹುಭಾಗಕ್ಕೆ ಸಂಸ್ಕೃತ ಶಾಸ್ತ್ರಗಳು ಆಧಾರವೆಂಬುದೂ, ಇಂದು ನಂಬಲಾಗದ ಪ್ರಯೋಗಗಳು ಅದರಲ್ಲಿವೆಯೆಂಬುದೂ ನಿಜ. ಆದರೆ ಸಾವಿರ ವರ್ಷಗಳ ಹಿಂದೆ ಒಬ್ಬ ಕನ್ನಡಿಗನು ಗಿಡ ನೆಡುವದು ಬರೆಯತಕ್ಕ ವಿಷಯವೆಂದೂ, ಅದನ್ನು ಲೋಕದ ಉಪಕಾರಕ್ಕಾಗಿ ಲೋಕದ ಮಾತಿನಲ್ಲಿಯೇ ಬರೆಯತಕ್ಕದ್ದೆಂದೂ ಎಣಿಸಿದನಷ್ಟೆ. ಅದು ಸಣ್ಣ ಸಂಗತಿಯಲ್ಲ. ಒಂದು ಶತಮಾನದ ಬಳಿಕ ಅದೇ ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿಗಳನ್ನೂ ಅವಕ್ಕೆ ಹಾಕುವ ಆಹಾರವನ್ನೂ ವಿವರಿಸಿದನು. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವೂ ಇದೆ, ಹೆಸರು ಕೇಳಿ ಹಕ್ಕಿಗಳ ಪುಸ್ತಕವೆಂದು ಯಾರೂ ಮೋಸಹೋಗಬೇಡಿರಿ, ಅದು ವಿಷವೈದ್ಯ. ಆ ಬಳಿಕ ನಮ್ಮ ಪಂಡಿತರು ಮರಗಳನ್ನು ಅಷ್ಟಾದಶ ವರ್ಣನೆಗಳಲ್ಲಿ ಸಾಲಾಗಿ ನಿಲ್ಲಿಸಿ ಹೊಗಳಿದರೇ ಹೊರತು ಹತ್ತಿರ ಹೋಗಿ ಎಲೆ ಮುಟ್ಟಿ ನೋಡಿದವರು ವಿರಳ.

ನೆರೆಯ ಮಲಯಾಳದಲ್ಲಿ ಏನಾಯಿತೆಂಬುದನ್ನು ನೋಡಿರಿ. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡನು ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥವನ್ನು ಮಾಡಿಸಿದನು. ಲ್ಯಾಟಿನ್ ಭಾಷೆಯ 12 ಸಂಪುಟಗಳು, 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದವು. ಅದರಲ್ಲಿ ನಮ್ಮ ವಕೀಲ ಬುದ್ಧಿಗೆ ಹಿಡಿಸಿದ ಸಂಗತಿಯೆಂದರೆ ಸಾಕ್ಷಿಪತ್ರಗಳು. ಗಿಡಗಳ ಗುಣವನ್ನು ಹೇಳಿಕೊಟ್ಟ ವೈದ್ಯ ಇಟ್ಟಿ ಅಚ್ಯುತನ ಹೇಳಿಕೆಯೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಹೇಳಿಕೆಯೂ ಅದರಲ್ಲಿ ಅವರ ಹೆಸರಿನಲ್ಲಿಯೇ ಅಚ್ಚಾಗಿವೆ. ಲಿನ್ನೇಯಸನು ಮಲಬಾರಿನ ಗಿಡಗಳಿಗೆ ಹೆಸರಿಡುವಾಗ ಈ ಗ್ರಂಥವನ್ನೇ ನೆಚ್ಚಿದನು. ಆದರೂ ಅದು ತಾನು ಹುಟ್ಟಿದ ನೆಲದ ಭಾಷೆಗೆ ಬರಲು ಮುನ್ನೂರು ವರ್ಷಗಳಿಗಿಂತ ಹೆಚ್ಚು ಹಿಡಿಯಿತು. ಮಣಿಲಾಲ್ ಎಂಬ ಸಸ್ಯಶಾಸ್ತ್ರಜ್ಞರು ದೀರ್ಘಕಾಲ ದುಡಿದು 2003ರಲ್ಲಿ ಇಂಗ್ಲಿಷಿಗೂ, 2008ರಲ್ಲಿ ಮಲಯಾಳಕ್ಕೂ ಅದನ್ನು ತಂದರು.

ಕನ್ನಡ ನಾಡಿಗೆ ಬಂದ ಬರಹಗಾರನು ಬೇರೆ ಬಗೆಯವನು. ಟಿಪ್ಪು ಸುಲ್ತಾನನು ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ಲನ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದ್ರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದನು. ಅವನ ಪ್ರವಾಸ ಗ್ರಂಥದ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಯಾವ ಊರಲ್ಲಿ ಯಾವ ಬೆಳೆ, ಯಾವ ಕಾಡಿನಲ್ಲಿ ಯಾವ ಮರ, ಅದಕ್ಕೆ ರೈತರು ಏನೆನ್ನುವರು, ಎಲ್ಲವನ್ನೂ ಅವನು ಬರೆದುಕೊಂಡಿದ್ದಾನೆ. ಶ್ರಮವು ಶ್ಲಾಘನೀಯವೇ, ಆದರೆ ಅದು ಗೆದ್ದವರು ತಮ್ಮ ಗಳಿಕೆಯನ್ನು ಎಣಿಸಿಕೊಂಡ ಜಮಾಖರ್ಚಿನ ಪುಸ್ತಕ.

ಮುಂದಿನ ಸಂಗತಿಯನ್ನು ಈ ಸಭೆಯವರು ವಿಶೇಷವಾಗಿ ಗಮನಿಸಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ಸೇರಿಸಿ ದಕ್ಷಿಣ ಕನ್ನಡವನ್ನು ಮದ್ರಾಸಿನಲ್ಲಿಯೇ ಉಳಿಸಿದರು. ಇದರಿಂದ ಕಚೇರಿಗಳು ಎರಡಾದುದನ್ನು ಎಲ್ಲರೂ ಬಲ್ಲರು. ಗಿಡಗಳೂ ಎರಡಾದುದನ್ನು ಬಲ್ಲವರು ಕಡಿಮೆ. ಕುಕ್ ಎಂಬವರು 1901ರಿಂದ 1908ರ ವರೆಗೆ ಮುಂಬಯಿ ಇಲಾಖೆಯ ಸಸ್ಯಗಳ ಗ್ರಂಥವನ್ನು ಬರೆದರು. ಗ್ಯಾಂಬಲ್ ಎಂಬವರು 1915ರಲ್ಲಿ ಮದ್ರಾಸ್ ಇಲಾಖೆಯ ಸಸ್ಯಗಳ ಗ್ರಂಥಕ್ಕೆ ಕೈ ಹಾಕಿದರು, ಅದು ಅವರ ಮರಣಾನಂತರ 1936ರಲ್ಲಿ ಫಿಶರ್ ಎಂಬವರ ಕೈಯಿಂದ ಪೂರ್ತಿಯಾಯಿತು. ಒಂದೇ ಸಹ್ಯಾದ್ರಿ, ಒಂದೇ ಮಳೆ, ಒಂದೇ ಮರ. ಭಟ್ಕಳದ ಕಾಡಿನಲ್ಲಿ ನಿಂತರೆ ಅದು ಮುಂಬಯಿಯ ಪುಸ್ತಕದಲ್ಲಿ, ಕುಂದಾಪುರದ ಕಾಡಿನಲ್ಲಿ ನಿಂತರೆ ಮದ್ರಾಸಿನ ಪುಸ್ತಕದಲ್ಲಿ. 1956ರಲ್ಲಿ ನಾಡು ಒಂದಾಯಿತು. ಗಿಡಗಳು ಒಂದಾಗಲು ಮತ್ತೆ 28 ವರ್ಷ ಕಾಯಬೇಕಾಯಿತು. ಬೆಂಗಳೂರಿನ ಕ್ರೈಸ್ತ ಪಾದ್ರಿಗಳೂ ಸಸ್ಯಶಾಸ್ತ್ರಜ್ಞರೂ ಆಗಿದ್ದ ಸೆಸಿಲ್ ಸಲ್ಡಾನಾ ಅವರು 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥವನ್ನು ಸಹೋದ್ಯೋಗಿಗಳೊಡನೆ ಹೊರತಂದು, 1984ರಲ್ಲಿ ಇಡಿಯ ಕರ್ನಾಟಕದ ಸಸ್ಯಗಳ ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದರು. ನಾಡಿನ ಏಕೀಕರಣದ ಇತಿಹಾಸವನ್ನು ಹೇಳುವವರು ಈ ಪುಣ್ಯಾತ್ಮರ ಹೆಸರನ್ನೂ ಹೇಳಬೇಕೆಂದು ನಮ್ಮ ಅಭಿಪ್ರಾಯ. ಆದರೆ ಆ ಗ್ರಂಥವೂ ಇಂಗ್ಲಿಷಿನದೇ.

ಕೀಟಗಳ ಕಥೆ ಇನ್ನೂ ಸ್ವಾರಸ್ಯದ್ದು. ಅದಕ್ಕಾಗಿ ಮುಂಬಯಿಗೆ ಹೋಗಿ ಕಾರವಾರಕ್ಕೆ ಮರಳಬೇಕು. 1883ರಲ್ಲಿ ಮುಂಬಯಿಯಲ್ಲಿ ಎಂಟು ಜನರು ಕೂಡಿ ನಿಸರ್ಗದ ಅಧ್ಯಯನಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಅವರಲ್ಲಿ ಇಬ್ಬರು ನಮ್ಮವರು, ಡಾಕ್ಟರ್ ಆತ್ಮಾರಾಮ ಪಾಂಡುರಂಗರು ಮತ್ತು ಡಾಕ್ಟರ್ ಸಖಾರಾಮ ಅರ್ಜುನರು. ಇನ್ನೊಬ್ಬನು ಸುಂಕ ಮತ್ತು ಉಪ್ಪಿನ ಖಾತೆಯ ಏಟ್ಕನ್. ಉಪ್ಪಿನ ಖಾತೆಯ ಹೆಸರೆತ್ತಿದರೆ ನಮ್ಮ ಜನರಿಗೆ 1930 ನೆನಪಾಗಿ ಮೈಯುರಿಯುವದು ಸಹಜ. ಆದರೆ ಈ ಮನುಷ್ಯನು ತನ್ನ ಬಿಡುವನ್ನು ಕಂಬಳಿಹುಳುಗಳ ಸೇವೆಯಲ್ಲಿ ಕಳೆದನು. ಅವನೂ, ಡೇವಿಡ್ಸನ್ ಎಂಬ ಇನ್ನೊಬ್ಬ ಅಧಿಕಾರಿಯೂ, ಅರಣ್ಯ ಖಾತೆಯ ಟಿ. ಆರ್. ಬೆಲ್ಲನೂ ಕೂಡಿ ಉತ್ತರ ಕನ್ನಡದ ಚಿಟ್ಟೆಗಳ ಹುಳುಗಳನ್ನು ಒಂದೊಂದಾಗಿ ಹುಡುಕಿ ತಂದು, ಅವು ತಿನ್ನುವ ಎಲೆಗಳನ್ನೇ ಹಾಕಿ ಸಾಕಿ, ಯಾವ ಹುಳು ಯಾವ ಚಿಟ್ಟೆಯಾಗುವದೆಂಬುದನ್ನು 1896ರಿಂದ ಆ ಸಂಘದ ಪತ್ರಿಕೆಯಲ್ಲಿ ಬರೆದರು. ಬೆಲ್ಲನು ನೌಕರಿ ಮುಗಿದ ಬಳಿಕವೂ ಸ್ವದೇಶಕ್ಕೆ ಹೋಗದೆ ಕಾರವಾರದಲ್ಲಿಯೇ ನೆಲೆಸಿ, 1948ರಲ್ಲಿ ಅಲ್ಲಿಯೇ ತೀರಿಕೊಂಡನು. ನಮ್ಮ ಕಡಲ ತೀರದಲ್ಲಿ ಒಂದು ಆಯುಷ್ಯವನ್ನೇ ಕಳೆದವನ ತಿಳಿವಳಿಕೆಯು ಹೀಗೆ ಆಂಗ್ಲ ಪುಟಗಳಲ್ಲಿ ಉಳಿಯಿತು.

ಶಿಕ್ಷಕ ಬಂಧುಗಳೇ, ಅವರು ಮಾಡಿದ ಕೆಲಸಕ್ಕೆ ಯಂತ್ರಗಳು ಬೇಕಾಗಿರಲಿಲ್ಲ. ನಿಮ್ಮ ಹಿತ್ತಲಲ್ಲಿ ನಿಂಬೆಯ ಗಿಡವೊಂದಿದ್ದರೆ ಸಾಕು. ಎಳೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂಥ ಕಪ್ಪು ಬಿಳುಪಿನ ತುಣುಕನ್ನು ಕಾಣುವಿರಿ. ಅದು ಹಿಕ್ಕೆಯಲ್ಲ, ಹುಳು. ತಿನ್ನಲು ಬಂದ ಹಕ್ಕಿಯು ಹೊಲಸೆಂದು ಬಿಟ್ಟುಹೋಗಲೆಂದು ಅದಕ್ಕೆ ಆ ವೇಷ. ಬೆಳೆದ ಮೇಲೆ ವೇಷ ಬದಲಾಗಿ ಎಲೆಯಂತೆಯೇ ಹಸುರಾಗುವದು. ಆಗ ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಎರಡು ಮೆತ್ತನೆಯ ಕೊಂಬುಗಳನ್ನು ಚಾಚಿ ದುರ್ಗಂಧವನ್ನು ಬಿಡುವದು. ಗಾಜಿನ ಭರಣಿಯಲ್ಲಿಟ್ಟು, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ದಿನಾಲು ಹೊಸ ಎಲೆ ಹಾಕಿದರೆ ಕೆಲವು ವಾರಗಳಲ್ಲಿ ಕೋಶ ಕಟ್ಟಿ ಚಿಟ್ಟೆಯಾಗಿ ಹೊರಬರುವದು. ನಮ್ಮ ಮನೆಯ ಮಕ್ಕಳು ಇದನ್ನು ಮಾಡಿದ ದಿನ ನಾವು ಕೋರ್ಟಿಗೆ ಒಂದು ತಾಸು ತಡವಾಗಿ ಹೋದೆವು. ‘ಹುಳು ಚಿಟ್ಟೆಯಾಗುತ್ತದೆ’ ಎಂದು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವದಕ್ಕೂ ಇದಕ್ಕೂ ಇರುವ ಅಂತರವನ್ನು ನಿಮಗೆ ಹೇಳಬೇಕಾಗಿಲ್ಲ.

ಹಕ್ಕಿಗಳ ವಿಷಯದಲ್ಲಿ ನಮ್ಮ ದೇಶದವರೇ ಆದ ಸಲೀಂ ಅಲಿಯವರು 1941ರಲ್ಲಿ ‘ಭಾರತದ ಹಕ್ಕಿಗಳ ಪುಸ್ತಕ’ವನ್ನು ಇಂಗ್ಲಿಷಿನಲ್ಲಿ ಬರೆದರು. ಜವಾಹರಲಾಲರು ಡೆಹರಾಡೂನಿನ ಸೆರೆಮನೆಯಿಂದ ಆ ಪುಸ್ತಕವನ್ನು ತಮಗೆ ಕಳಿಸಿದರೆಂದೂ, ಅದುವರೆಗೆ ಹಕ್ಕಿಗಳನ್ನು ಲಕ್ಷಿಸದ ತಮ್ಮ ಕಣ್ಣು ಅದರಿಂದ ತೆರೆಯಿತೆಂದೂ ಇಂದಿರಾ ಗಾಂಧಿಯವರು ಬರೆದಿದ್ದಾರೆ. ಮೈಸೂರು ಸೀಮೆಯ ಹಕ್ಕಿಗಳನ್ನು 1939-40ರಲ್ಲಿ ಸಮೀಕ್ಷೆ ಮಾಡಿದವರೂ ಸಲೀಂ ಅಲಿಯವರೇ.

ಇಂಥ ಪುಸ್ತಕವು ಕಾವ್ಯದ ರುಚಿಯನ್ನು ಕೆಡಿಸುವದೆಂದು ನಮ್ಮ ಒಬ್ಬ ಪಂಡಿತ ಮಿತ್ರರು ವಾದಿಸುತ್ತಾರೆ. ಕೋಗಿಲೆಯನ್ನೇ ತೆಗೆದುಕೊಳ್ಳಿರಿ. ಹಾಡುವ ಹೆಣ್ಣುಮಕ್ಕಳಿಗೆಲ್ಲ ನಾವು ಗಾನಕೋಗಿಲೆಯೆಂಬ ಬಿರುದನ್ನು ಕೊಡುತ್ತೇವೆ. ಆದರೆ ವಸಂತದಲ್ಲಿ ಕುಹೂ ಎಂದು ಕೂಗುವದು ಗಂಡು, ಕಡುಗಪ್ಪು ಮೈ, ಕೆಂಪು ಕಣ್ಣು. ಹೆಣ್ಣು ಕಂದು ಬಣ್ಣದ, ಬಿಳಿಯ ಚುಕ್ಕೆಗಳ ಹಕ್ಕಿ; ಅದನ್ನು ಕೋಗಿಲೆಯೆಂದು ಗುರುತಿಸುವವರೇ ಕಡಿಮೆ. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುವದು. ಇದರಿಂದ ಕಾವ್ಯಕ್ಕೆ ಏನು ನಷ್ಟವಾಯಿತು? ಸಂಸ್ಕೃತದಲ್ಲಿ ಕೋಗಿಲೆಗೆ ‘ಪರಭೃತ’, ಅಂದರೆ ಪರರಿಂದ ಪೋಷಿತವಾದುದು, ಎಂಬ ಹೆಸರಿದೆ. ಆ ಹೆಸರಿಟ್ಟವನು ಮರದ ಕೆಳಗೆ ಗಂಟೆಗಟ್ಟಲೆ ಕುಳಿತು ಕಾಗೆಯ ಗೂಡನ್ನು ನೋಡಿದವನಲ್ಲವೇ? ನಮ್ಮ ಕನ್ನಡದ ಹೆಸರುಗಳೂ ಹಾಗೆಯೇ. ಮರಕುಟಿಗನೆಂದರೆ ಅದರ ಉದ್ಯೋಗ ತಿಳಿಯುವದು, ಟಿಟ್ಟಿಭವೆಂದರೆ ಅದರ ಕೂಗು ಕೇಳುವದು, ಹೊಳೆಮತ್ತಿಯೆಂದರೆ ಅದು ನಿಲ್ಲುವ ಜಾಗ ಕಾಣುವದು. ಒಂದೊಂದು ಹೆಸರೂ ಯಾರೋ ಕಣ್ಣಾರೆ ಕಂಡು ನುಡಿದ ಸಾಕ್ಷಿ. ಆ ಹೆಸರು ಸತ್ತರೆ ಸಾಕ್ಷಿಯೇ ಸತ್ತಂತೆ.

ಕನ್ನಡದಲ್ಲಿ ಏನೂ ಆಗಿಲ್ಲವೆಂದು ಹೇಳಿದರೆ ಕೃತಘ್ನರಾಗುವೆವು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಅದು ಬಹುಕಾಲ ಬಾಳದೆ ಹೋದುದು ನಮ್ಮ ದುರ್ದೈವ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಕೊಟ್ಟರು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಬರೆದರು. ಒಂದು ವಿಶ್ವವಿದ್ಯಾಲಯವು ಮಾಡಬೇಕಾದ ಕೆಲಸವನ್ನು ಒಬ್ಬ ಮನುಷ್ಯನು ಮಾಡಿದನೆಂದು ಹೊಗಳುವಾಗ ಉಳಿದವರಿಗೆ ಸ್ವಲ್ಪ ನಾಚಿಕೆಯೂ ಆಗಬೇಕು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಎಲ್ಲಕ್ಕಿಂತ ನಮಗೆ ಪ್ರಿಯವಾದುದು. ಮದ್ರಾಸಿನ ಕಾಲೇಜಿನ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟ ಕಾಡು ತಿರುಗಿದ ಕಥೆ ಅದು. ನಗುತ್ತ ಓದುತ್ತ ಹೋದಂತೆ ಎಷ್ಟೋ ಗಿಡಗಳ ಪರಿಚಯ ತಾನಾಗಿಯೇ ಆಗಿರುವದು. ಚಿತ್ರಗಳೂ ಅವರ ಕೈಯವೇ. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಿಡಗಳ ಪುಸ್ತಕವೂ ಸಾಹಿತ್ಯವೇ ಎಂದು ತೀರ್ಪಾದ ಹಾಗಾಯಿತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಕುರಿತು ಬರೆದುದನ್ನು ನಿಮ್ಮ ವಿದ್ಯಾರ್ಥಿಗಳೇ ಓದಿರುವರು. ಅವರ ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿಯು ಹಾರುವ ಓತಿಯನ್ನು ಹುಡುಕುವಾಗ ನೆಚ್ಚಿಕೊಳ್ಳುವದು ಹಳ್ಳಿಯ ಮಂದಣ್ಣನ ಕಣ್ಣುಗಳನ್ನು. ಅದನ್ನು ಓದುವಾಗಲೆಲ್ಲ ನಮಗೆ ಸಾಕ್ಷಿಯ ಕಟ್ಟೆಯಲ್ಲಿ ನಿಂತ ಆ ಮುದುಕಿ ನೆನಪಾಗುವಳು.

ಆದರೂ ಒಂದು ಕೊರತೆ ಉಳಿದಿದೆ. ಬೆಂಗಳೂರಿನಲ್ಲಿ ಅಚ್ಚಾದ ಪುಸ್ತಕದಲ್ಲಿ ‘ಹೊಂಗೆ’ ಎಂದು ಓದಿದ ಧಾರವಾಡ ಸೀಮೆಯ ಹುಡುಗನು ತನ್ನ ಬಾಗಿಲ ಮುಂದಿನ ಹುಲಿಗಿಲಿಯೇ ಅದೆಂದು ಅರಿಯನು. ಒಂದು ಕಡೆಯ ಮುತ್ತುಗ ಇನ್ನೊಂದು ಕಡೆ ಮುತ್ತಲ. ಹೊನ್ನೆಯಲ್ಲಿ ಒಂದು ಹೆಸರಿಗೆ ಎರಡು ಮರ, ಇಲ್ಲಿ ಒಂದು ಮರಕ್ಕೆ ಎರಡು ಹೆಸರು. ಇವುಗಳಲ್ಲಿ ಒಂದನ್ನು ಶುದ್ಧವೆಂದು ಆರಿಸಿ ಉಳಿದುದನ್ನು ಗ್ರಾಮ್ಯವೆಂದು ತಳ್ಳುವದು ನಮಗೆ ಒಪ್ಪಿಗೆಯಿಲ್ಲ. ಬೀದರಿನ ಹೆಸರೂ ಕೊಡಗಿನ ಹೆಸರೂ ಒಂದೇ ಪುಟದಲ್ಲಿ ಕೂಡಬೇಕು. ಅವುಗಳ ಪಕ್ಕದಲ್ಲಿ ಲೋಕಕ್ಕೆಲ್ಲ ಒಂದೇ ಆದ ಶಾಸ್ತ್ರೀಯ ಹೆಸರೂ ಇರಬೇಕು. ಶಾಸ್ತ್ರೀಯ ಹೆಸರನ್ನು ಪರಕೀಯವೆಂದು ಬಿಡುವ ಅಭಿಮಾನಿಗಳೂ ನಮ್ಮಲ್ಲಿದ್ದಾರೆ. ಬಿಟ್ಟರೆ ಏನಾಗುವದೆಂಬುದನ್ನು ನಾವು ಇಪ್ಪತ್ತು ಗುಂಟೆ ಕಳೆದು ಕಲಿತಿದ್ದೇವೆ.

ಈ ಕೆಲಸವನ್ನು ದೊಡ್ಡ ಸಂಸ್ಥೆಗಳು ಮಾಡಲೆಂದು ಕಾಯುತ್ತ ಕುಳಿತರೆ ಹೇಳುವವರ ತಲೆಮಾರು ಮುಗಿದುಹೋಗುವದು. ಆದಕಾರಣ ಒಂದು ಸಣ್ಣ ಸೂಚನೆಯನ್ನು ಕಾರ್ಯದರ್ಶಿಗಳ ಒಪ್ಪಿಗೆ ಪಡೆದೇ ಸಭೆಯ ಮುಂದಿಡುತ್ತೇವೆ. ಈ ವಾಚನಾಲಯದಲ್ಲಿ ಇಂದಿನಿಂದ ಒಂದು ದಫ್ತರವನ್ನು ಇಡಲಾಗುವದು. ಗಿಡ, ಹಕ್ಕಿ, ಹುಳು ಯಾವುದೇ ಇರಲಿ, ಅದಕ್ಕೆ ನಿಮ್ಮ ಊರಿನ ಹೆಸರು, ಕಂಡ ಸ್ಥಳ, ಕಂಡ ತಿಂಗಳು, ಗುರುತು, ಹೇಳಿದವರ ಹೆಸರು, ಇಷ್ಟನ್ನು ಬರೆಯಬೇಕು. ಹೇಳಿದವರ ಹೆಸರಿನ ಅಂಕಣವನ್ನು ಯಾರೂ ಬಿಡಕೂಡದು. ವಾನ್ ರೀಡನು ಬಿಡಲಿಲ್ಲ. ಶಿಕ್ಷಕರು ಶನಿವಾರ ಮಕ್ಕಳನ್ನು ಊರ ಹೊರಗೆ ಕರೆದೊಯ್ದು ದನಗಾಹಿಗಳನ್ನೂ ಮೀನುಗಾರರನ್ನೂ ವೈದ್ಯ ಬಲ್ಲ ಮುದುಕರನ್ನೂ ಕೇಳಿ ತರಲಿ. ಶಾಸ್ತ್ರೀಯ ಹೆಸರಿನ ಅಂಕಣವು ಸದ್ಯಕ್ಕೆ ಖಾಲಿ ಉಳಿದರೂ ಚಿಂತೆಯಿಲ್ಲ, ಅದನ್ನು ತುಂಬಿಸಲು ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರ ಬಾಗಿಲನ್ನು ನಾವೇ ತಟ್ಟುವೆವು.

ಮೊದಲನೆಯ ಪುಟದಲ್ಲಿ ಹೊನ್ನೆಯನ್ನು ನಾವು ಬರೆದಿದ್ದೇವೆ, ಎರಡು ಸಾಲುಗಳಲ್ಲಿ. ಎರಡನೆಯ ಪುಟಕ್ಕೆ ಈ ಕಟ್ಟಡದ ಹಿಂದಿನ ಮರವಿದೆ. ಸಭೆಗೆ 
ಬರುವಾಗ ಅದರ ಕೆಳಗೆ ನಿಂತಿದ್ದ ಮೂವರನ್ನು ಕೇಳಿದೆವು. ಒಬ್ಬರು ಹೊಂಗೆ ಎಂದರು, ಒಬ್ಬರು ಹುಲಿಗಿಲಿ ಎಂದರು, ಮೂರನೆಯವರು ಯಾವುದೋ ಕಾಡುಮರವೆಂದು ನಕ್ಕರು. ದಫ್ತರವು ಅಧ್ಯಕ್ಷರ ಮೇಜಿನ ಮೇಲಿದೆ, ಲೇಖನಿಯೂ ಅದರ ಪಕ್ಕದಲ್ಲಿದೆ.